ಇಲ್ಲಿ ಮೆಮೊರಿ ಕಾರ್ಡ್ ತುಂಬಿಕೊಡಲಾಗುವುದು

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಮೊಬೈಲ್ ಅಂಗಡಿಗಳಲ್ಲಿ "ಕಾರ್ಡಿಗೆ ಹಾಡು ಹಾಕಿ ಕೊಡ್ತೀರೇನ್ರಿ?" ಅಂತ ಈಗ ಕೇಳಿದರೆ ಕೌಂಟರಿನ ಹುಡುಗರು ಸುಮ್ನೆ ಮುಖ ನೋಡುತ್ತಾರೆ. ಸ್ವಲ್ಪ ವಯಸ್ಸಾದವರಾದರೆ ನಗುತ್ತಾರೆ. "ಈಗ ಯಾರ್ ಹಾಕಿಸ್ಕೋತಾರ್ರಿ, ಎಲ್ಲಾ ಯೂಟ್ಯೂಬ್‌ನಾಗೇ ಅದ ನೋಡ್ರಿ" ಅನ್ನುತ್ತಾರೆ.

ಎಲ್ಲಾ ಇಲ್ಲ. ನನ್ನ ತಕರಾರು ಅದೇ.

ಒಂದು ಕಾಲಕ್ಕೆ, ಅಂದರೆ ಚೈನಾ ಸೆಟ್ಟುಗಳು ಬಂದಾಗಿನಿಂದ 2016ರಲ್ಲಿ ಜಿಯೊ ಬರೋವರೆಗೆ ಅಂತ ಇಟ್ಟುಕೊಳ್ಳಿ, ನಮ್ಮ ಕಡೆ ಇದು ದೊಡ್ಡ ವ್ಯಾಪಾರವಾಗಿತ್ತು. ಬಸ್ ಸ್ಟ್ಯಾಂಡಿನ ಸುತ್ತ, ಜೇವರ್ಗಿ, ಚಿತ್ತಾಪುರ, ಶಹಾಪುರದಂಥ ಊರುಗಳ ಮುಖ್ಯರಸ್ತೆಯಲ್ಲಿ, ಒಂದು ಟೇಬಲ್, ಒಂದು ಹಳೇ ಕಂಪ್ಯೂಟರ್, ಹಲ್ಲಿನಷ್ಟು ಸಣ್ಣ ಕಾರ್ಡ್ ರೀಡರ್ ಇದ್ದರೆ ಅಂಗಡಿ ಆಯ್ತು. ಗೋಡೆಗೆ ಕೈಬರಹದ ಬೋರ್ಡು. ಕಂಪ್ಯೂಟರ್ ಪರದೆ ಮೇಲೆ ಫೋಲ್ಡರುಗಳ ಸಾಲು: ರಾಜಕುಮಾರ್ ಹಳೇದು, ಜಾನಪದ, ಖವ್ವಾಲಿ, ಭಜನಾ ಪದ, ಮರಾಠಿ, ಹೊಸ ಹಿಂದಿ, ಡಿಜೆ. ಗಿರಾಕಿ ಕಾರ್ಡ್ ಕೊಟ್ಟು "ಫುಲ್ ಮಾಡ್ರಿ" ಅಂದರೆ ಒಂದು ದರ, ಹಾಡು ಹಾಡಾಗಿ ಆರಿಸಿದರೆ ಬೇರೆ ದರ. ಸಂತೆ ದಿನ ಅಲ್ಲಿ ನಿಲ್ಲಲಿಕ್ಕೆ ಜಾಗ ಇರುತ್ತಿರಲಿಲ್ಲ. ಕಾಪಿ ಆಗುವ ಹಸಿರು ಪಟ್ಟಿ ಮೆಲ್ಲಗೆ ಮುಂದೆ ಸರಿಯುತ್ತಿದ್ದರೆ, ಪಟಕಾ ಸುತ್ತಿದ ಹಿರಿಯರು ಅದನ್ನೇ ನೋಡುತ್ತಾ ಬೀಡಿ ಸೇದಿ ಮುಗಿಸುತ್ತಿದ್ದರು.

ಕಾನೂನಿನ ಪ್ರಕಾರ ಇದು ಕಳ್ಳತನ, ಸುಳ್ಳು ಹೇಳೋದು ಬೇಡ. ಸಿನಿಮಾ ಹಾಡು ಬರೆದವರಿಗೆ, ಹಾಡಿದವರಿಗೆ ಇದರಿಂದ ಒಂದು ಪೈಸೆಯೂ ಹೋಗಲಿಲ್ಲ. ಆದರೆ ಆ "ಭಜನಾ ಪದ" ಅನ್ನೋ ಫೋಲ್ಡರಿನ ಕತೆ ಬೇರೆ. ಅದರಲ್ಲಿದ್ದದ್ದು ಯಾವ ಕಂಪನಿಯೂ ಹೊರತಂದ ಹಾಡುಗಳಲ್ಲ. ಯಾರದೋ ಊರಿನ ಭಜನಾ ಮೇಳ, ಯಾರೋ ಮೊಬೈಲಿನಲ್ಲಿ ಹಿಡಿದದ್ದು. ಕಾರ್ಡ್ ತುಂಬಿಸಲು ಬಂದವರ ಕಾರ್ಡಿನಿಂದಲೇ ಅಂಗಡಿಯವನು ಚೆನ್ನಾಗಿದ್ದದ್ದನ್ನು ತನ್ನ ಕಂಪ್ಯೂಟರಿಗೆ ಎಳೆದುಕೊಳ್ಳುತ್ತಿದ್ದ. ಮಾರನೇ ವಾರ ಅದು ಇನ್ನೊಂದು ಊರಿನವರ ಕಾರ್ಡಿಗೆ ಹೋಗುತ್ತಿತ್ತು. ಹೀಗೆ ಜೇವರ್ಗಿ ಕಡೆಯ ತತ್ವಪದ ಆಳಂದದ ಟಂಟಂ ಆಟೊದಲ್ಲಿ ಕೇಳಿಸುತ್ತಿತ್ತು.

ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಪದಗಳು ಇಲ್ಲಿಯವರೆಗೆ ಬಂದದ್ದೂ ಹೆಚ್ಚು ಕಡಿಮೆ ಹೀಗೇ ಅಲ್ವಾ? ಚೆನ್ನೂರ ಜಲಾಲಸಾಹೇಬರಂಥ ಶಿಷ್ಯರು, ಅವರ ಶಿಷ್ಯರು, ಜಾತಿ ಧರ್ಮ ನೋಡದೆ ಕೂಡಿ ಹಾಡಿಕೊಂಡು ಬಂದವರು. ಕೇಳಿದವನು ಹಾಡುವವನಾದ. ಕಾರ್ಡಿನ ಕಾಲದಲ್ಲಿ ಕೇಳಿದವನು ಕಾಪಿ ಹೊಡೆಸಿಕೊಂಡ, ಅಷ್ಟೇ ಫರಕು.

ಆಗ ಎಲ್ಲರ ಹತ್ತಿರ ಇದ್ದದ್ದು ಒಂದು ಜಿಬಿ, ಎರಡು ಜಿಬಿ. 128 ಕೆಬಿಪಿಎಸ್ ಎಂಪಿತ್ರಿ ಅಂದರೆ ಒಂದು ನಿಮಿಷಕ್ಕೆ ಸುಮಾರು ಒಂದು ಎಂಬಿ. ಐದು ನಿಮಿಷದ ಹಾಡು ಅಂತ ಹಿಡಿದರೂ ಎರಡು ಜಿಬಿಯಲ್ಲಿ ನಾನೂರು ಹಾಡು. ತೊಗರಿ ರಾಶಿ ಮುಗಿಯೋವರೆಗೆ ಸಾಕು. ಎರಡು ಜಿಬಿಗೇ ಯಾಕೆ ನಿಂತಿತ್ತು ಅಂದರೆ, ಮೊದಲ ಎಸ್‌ಡಿ ಕಾರ್ಡುಗಳ ಮಿತಿಯೇ ಅಷ್ಟು. 2006ರಲ್ಲಿ ಎಸ್‌ಡಿಎಚ್‌ಸಿ ಅಂತ ಬಂದು 32 ಜಿಬಿವರೆಗೆ ದಾರಿ ಆಯ್ತು. ಆದರೆ ಹಳೇ ಫೋನಿಗೆ ಆ ಹೊಸ ಕಾರ್ಡ್ ಅರ್ಥವಾಗುತ್ತಿರಲಿಲ್ಲ. ನಾಲ್ಕು ಜಿಬಿ ಕಾರ್ಡ್ ಕೊಂಡು ಹೋದವರು ಸಂಜೆಗೆ ವಾಪಸ್ ಬಂದು "ಯಾನ್ ಕೊಟ್ಟೀರಿ ಇದು, ಓಡಂಗೇ ಇಲ್ಲ" ಅಂತ ಜಗಳ ತೆಗೆಯುತ್ತಿದ್ದರು. ಕಾರ್ಡ್ ಸರಿ, ಫೋನೂ ಸರಿ, ಎರಡರ ಭಾಷೆ ಬೇರೆ ಅಂತ ಕೌಂಟರಿನಲ್ಲಿ ನಿಂತು ತಿಳಿಸಿ ಹೇಳೋದು ಹೇಗೆ? ಅಂಗಡಿಯವನು ಸುಮ್ನೆ ಎರಡು ಜಿಬಿ ಕೊಟ್ಟು ಕಳಿಸುತ್ತಿದ್ದ. 2009ರಲ್ಲಿ ಎಸ್‌ಡಿಎಕ್ಸ್‌ಸಿ ಬಂತು. ಅದರ ಮಿತಿ ಎರಡು ಟಿಬಿ. ಅದರ ಮೇಲೂ ಒಂದು ಬಂದಿದೆ, ನಮಗೆ ನಿಮಗೆ ಬೇಕಾಗೋದಿಲ್ಲ.

ಈ ಕಾರ್ಡ್ ಹುಟ್ಟಿದ್ದು ಹಾಡಿಗಾಗಿ ಅಂತಲೇ ಏನಲ್ಲ. 1999ರಲ್ಲಿ ಸ್ಯಾನ್‌ಡಿಸ್ಕ್, ಪ್ಯಾನಸಾನಿಕ್, ತೋಷಿಬಾ ಮೂರೂ ಸೇರಿ ಎಸ್‌ಡಿ ಕಾರ್ಡ್ ತಂದವು. ಅದಕ್ಕೂ ಮೊದಲು 1994ರ ಕಾಂಪ್ಯಾಕ್ಟ್ ಫ್ಲ್ಯಾಶ್ ಇತ್ತು, ಸೋನಿಯದೇ ಬೇರೆ ಮೆಮೊರಿ ಸ್ಟಿಕ್ ಇತ್ತು. ಫೋಟೊ ಸ್ಟುಡಿಯೊದವರನ್ನು ಕೇಳಿ, ಕ್ಯಾಮೆರಾಕ್ಕೊಂದು ರೀಡರ್ ಇಟ್ಟುಕೊಂಡು ಬೇಸತ್ತ ಕತೆ ಹೇಳುತ್ತಾರೆ. 2004ರಲ್ಲಿ ಸ್ಯಾನ್‌ಡಿಸ್ಕ್ ಟ್ರಾನ್ಸ್‌ಫ್ಲ್ಯಾಶ್ ಅಂತ ಒಂದು ಪುಟಾಣಿ ಕಾರ್ಡ್ ಮಾಡಿತು. ಮುಂದಿನ ವರ್ಷ ಅದಕ್ಕೇ ಮೈಕ್ರೊ ಎಸ್‌ಡಿ ಅಂತ ಹೆಸರಾಯ್ತು. ಉದ್ದ 15 ಮಿಲಿಮೀಟರ್, ಅಗಲ 11, ದಪ್ಪ ಒಂದು. ನಮ್ಮ ಕಡೆ ಬಹಳ ಮಂದಿ ಇದನ್ನು ಚಿಪ್ ಅಂತಲೇ ಕರೆಯೋದು.

ಇಷ್ಟು ಸಣ್ಣದನ್ನು ಜನ ಎಲ್ಲೆಲ್ಲಿ ಇಡುತ್ತಿದ್ದರು ಅಂತ ನೆನೆದರೆ ನಗು ಬರುತ್ತೆ. ಎಲೆ ಅಡಿಕೆ ಸಂಚಿಯ ಒಳಜೇಬಿನಲ್ಲಿ, ಸುಣ್ಣದ ಡಬ್ಬಿ ಪಕ್ಕ. ಬಸ್ ಪಾಸಿನ ಪ್ಲಾಸ್ಟಿಕ್ ಕವರಿನಲ್ಲಿ. ದೇವರ ಫೋಟೊ ಹಿಂದೆ. ಬ್ಯಾಟರಿ ಕೆಳಗಿನ ಸ್ಲಾಟಿನಿಂದ ಉಗುರಿನಲ್ಲಿ ಬರದಿದ್ದರೆ ಹಲ್ಲಿನಲ್ಲಿ ಕಚ್ಚಿ ಎಳೆಯೋರು. ಹಿಂಬದಿಯ ಎಂಟು ಚಿನ್ನದ ಬಣ್ಣದ ಗೆರೆಗಳ ಮೇಲೆ ಸುಣ್ಣ, ಬೆವರು, ತಂಬಾಕಿನ ಪುಡಿ. ಅಷ್ಟಾದರೂ ಓಡುತ್ತಿತ್ತು ಅನ್ನೋದೇ ಆಶ್ಚರ್ಯ. "ನಮ್ಮ ಬಿಸಿಲಿಗೆ ಚಿಪ್ ಸುಟ್ಟು ಹೋಗ್ತದ" ಅನ್ನೋ ಮಾತೂ ಇದೆ, ಅದು ಪೂರ್ತಿ ನಿಜವಲ್ಲ. ಸೊನ್ನೆಗಿಂತ 25 ಡಿಗ್ರಿ ಕೆಳಗಿನಿಂದ 85 ಡಿಗ್ರಿವರೆಗೆ ಕೆಲಸ ಮಾಡಬೇಕು ಅಂತಲೇ ಇವನ್ನು ಮಾಡಿರುತ್ತಾರೆ. ಮೇ ತಿಂಗಳ 43 ಡಿಗ್ರಿ ನಮಗೆ ಕಷ್ಟ, ಕಾರ್ಡಿಗಲ್ಲ. ಕಾರ್ಡ್ ಸಾಯೋದು ಹೆಚ್ಚಾಗಿ ಬೇರೆ ಕಾರಣಕ್ಕೆ.

ನಮ್ಮ ಕಾಕಾನ ಕಾರ್ಡಿನ ವಿಷಯ ಹೇಳುತ್ತೇನೆ.

ಕಾಕಾ ಊರಿನ ಭಜನಾ ಮೇಳದಲ್ಲಿ ತಾಳ ಬಾರಿಸುವವರು. ಅಮಾವಾಸ್ಯೆ ಭಜನೆ, ಶ್ರಾವಣ, ಮೊಹರಂನಲ್ಲಿ ಅಲಾಯಿ ಕುಣಿಯ (ಬೆಂಕಿ ಹಾಕುವ ಗುಂಡಿಯ) ಮುಂದೆ ಹಾಡುವ ರಿವಾಯತ್ ಪದ, ಎಲ್ಲವನ್ನೂ ತಮ್ಮ ಬಟನ್ ಫೋನಿನಲ್ಲಿ ರೆಕಾರ್ಡ್ ಮಾಡಿ ಇಟ್ಟಿದ್ದರು. ಯಾರೂ ಹೇಳಿ ಮಾಡಿಸಿದ್ದಲ್ಲ, ಸುಮ್ನೆ ಹುಕಿ. ಒಂದು ದಿನ ಹಾಡು ಕೇಳುತ್ತಿದ್ದಾಗಲೇ ಫೋನ್ ನಿಂತು ಹೋಯ್ತು ಅಂತ ಬ್ಯಾಟರಿ ಕಿತ್ತು ಹಾಕಿದ್ದಾರೆ. ಆಮೇಲೆ ಕಾರ್ಡ್ ಹಾಕಿದಾಗೆಲ್ಲ ಒಂದೇ ಪ್ರಶ್ನೆ, ಫಾರ್ಮ್ಯಾಟ್ ಮಾಡಬೇಕೇ? ಊರಿನ ಹುಡುಗರು ಮಾಡೇ ಬಿಡ್ತೀವಿ ಅಂದರಂತೆ. ಪುಣ್ಯಕ್ಕೆ ಕಾಕಾ ಬಿಡಲಿಲ್ಲ. ತಂಬಾಕಿನ ಚೀಟಿಯಲ್ಲಿ ಸುತ್ತಿ ನನ್ನ ಹತ್ತಿರ ತಂದರು. "ತಮ್ಮಾ, ಇದ್ರಾಗ ನಮ್ಮ ಮೇಳ ಪೂರಾ ಅದ. ಹೆಂಗಾರ ಮಾಡಿ ತಗಿ" ಅಂದರು.

ಇಲ್ಲಿ ಒಂದು ತಿಳಿದುಕೊಳ್ಳಬೇಕಾದ ಸಂಗತಿ ಇದೆ. ಕಾರ್ಡಿನಲ್ಲಿ ಹಾಡು ಒಂದು ಕಡೆ ಇರುತ್ತದೆ, ಯಾವ ಹಾಡು ಎಲ್ಲಿದೆ ಅನ್ನೋ ಪಟ್ಟಿ ಇನ್ನೊಂದು ಕಡೆ ಇರುತ್ತದೆ. ಪಟ್ಟಿ ಬರೆಯುವ ಹೊತ್ತಿಗೆ ಬ್ಯಾಟರಿ ಕಿತ್ತರೆ ಪಟ್ಟಿ ಕೆಡುತ್ತದೆ, ಹಾಡು ಹಾಗೇ ಇರುತ್ತದೆ. ಡಿಲೀಟ್ ಮಾಡಿದಾಗಲೂ ಅಷ್ಟೇ. ಪಟ್ಟಿಯಲ್ಲಿ ಆ ಹೆಸರಿನ ಮೊದಲ ಅಕ್ಷರದ ಜಾಗದಲ್ಲಿ ಒಂದು ಗುರುತು ಬೀಳುತ್ತದೆ, ಈ ಜಾಗ ಖಾಲಿ ಅಂತ ಫೋನ್ ಅಂದುಕೊಳ್ಳುತ್ತದೆ, ಮೇಲೆ ಇನ್ನೊಂದು ಬರೆಯೋವರೆಗೆ ಹಳೇದು ಒಳಗೇ ಬಿದ್ದಿರುತ್ತದೆ. ಹಾಗಾಗಿ ಏನಾದರೂ ಕಳೆದುಹೋಯ್ತು ಅನ್ನಿಸಿದ ತಕ್ಷಣ ಆ ಕಾರ್ಡಿಗೆ ಹೊಸದೇನನ್ನೂ ಹಾಕಬಾರದು. ಫೋಟೊ ಕೂಡ ಹೊಡೆಯಬಾರದು. ಫಾರ್ಮ್ಯಾಟ್ ಅಂತೂ ಬೇಡವೇ ಬೇಡ. ಕೆಲವು ಸಲ ಫಾರ್ಮ್ಯಾಟ್ ಆದಮೇಲೂ ಸಿಗುತ್ತದೆ ನಿಜ, ಆದರೆ ಕೆಲವು ಫೋನು, ಕ್ಯಾಮೆರಾಗಳು ನಿಜಕ್ಕೂ ಒಳಗಿನದ್ದನ್ನೆಲ್ಲ ಅಳಿಸಿಬಿಡುತ್ತವೆ.

ನಾನು ಮೊದಲು ಗೆರೆಗಳನ್ನು ಒಣ ಬಟ್ಟೆಯಲ್ಲಿ ಒರೆಸಿ, ಇಡೀ ಕಾರ್ಡನ್ನು ಇದ್ದದ್ದು ಇದ್ದ ಹಾಗೆ ಕಂಪ್ಯೂಟರಿಗೆ ಇಳಿಸಿಕೊಂಡೆ. ಮುಂದಿನ ಕೆಲಸವೆಲ್ಲ ಆ ನಕಲಿನ ಮೇಲೆ. ಫೋಟೊರೆಕ್ ಅಂತ ಒಂದು ಪುಕ್ಕಟೆ ತಂತ್ರಾಂಶ ಇದೆ. ಹೆಸರು ಫೋಟೊ ಅಂತಿದ್ದರೂ ಆಡಿಯೊ ಕೂಡ ಹುಡುಕುತ್ತದೆ. ಅದು ಪಟ್ಟಿಯನ್ನು ನೋಡೋದೇ ಇಲ್ಲ. ಎಎಂಆರ್, ಅಂದರೆ ಬಟನ್ ಫೋನುಗಳು ದನಿ ಹಿಡಿದಿಡುವ ಬಗೆಯ ರೆಕಾರ್ಡಿಂಗ್ ಆದರೆ, ಅದರ ಮೊದಲ ಕೆಲವು ಅಕ್ಷರ ಯಾವಾಗಲೂ ಒಂದೇ ಇರುತ್ತವೆ. ಅಂಥವು ಎಲ್ಲಿವೆ ಅಂತ ಮೂಲೆ ಮೂಲೆ ತಡಕಾಡಿ ಎತ್ತಿ ಕೊಡುತ್ತದೆ. ಕಾಕಾನ ಕಾರ್ಡಿನಿಂದ ಬಹಳಷ್ಟು ಬಂದವು. ಆದರೆ ಹೆಸರಿಲ್ಲದೆ ಬಂದವು, ತಾರೀಖು ಇಲ್ಲದೆ ಬಂದವು. ಬರೀ ಅಂಕಿ.

ಹಾಗಾಗಿ ಹೆಸರಿಡಲಿಕ್ಕೆ ಊರಿಗೇ ಹೋಗಬೇಕಾಯ್ತು. ಗುಡಿ ಕಟ್ಟೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆವು, ಕಾಕಾ, ಹಾರ್ಮೋನಿಯಂ ಬಾರಿಸುವ ಇನ್ನೊಬ್ಬ ಹಿರಿಯರು, ಸುತ್ತ ಪುಕ್ಕಟೆ ಸಲಹೆ ಕೊಡುವ ಒಂದಷ್ಟು ಮಂದಿ. ಒಂದೊಂದನ್ನೇ ಹಚ್ಚೋದು, ಯಾರ ದನಿ ಅಂತ ಅವರು ಹೇಳೋದು, ನಾನು ಬರೆದುಕೊಳ್ಳೋದು. ಹಾಡಿಗಿಂತ ಹಾಡಿನ ಹಿಂದಿನ ಸದ್ದಿನಿಂದಲೇ ಅವರು ಜಾಸ್ತಿ ಗುರುತು ಹಿಡಿಯುತ್ತಿದ್ದರು. ಒಂದು ರೆಕಾರ್ಡಿಂಗಿನಲ್ಲಿ ಪದ ನಡುವಿಗೆ ಬಂದಾಗ ಒಮ್ಮೆಲೇ ಮೈಕಿನ ಗುಂಯ್ ಅನ್ನೋ ಸದ್ದು ನಿಲ್ಲುತ್ತದೆ, ಮಂದಿ "ಹೋ..." ಅನ್ನುತ್ತಾರೆ, ಹಾಡುವವರು ಮಾತ್ರ ನಿಲ್ಲಿಸದೆ ಬರೀ ಗಂಟಲಲ್ಲಿ ಮುಂದುವರಿಯುತ್ತಾರೆ, ತಾಳ ಸ್ವಲ್ಪ ಜೋರಾಗುತ್ತದೆ. "ಕರೆಂಟ್ ಹೋಗಿತ್ತಲ್ಲ, ಆ ಶ್ರಾವಣದ್ದು" ಅಂತ ಇಬ್ಬರೂ ಒಟ್ಟಿಗೇ ಹೇಳಿದರು. ಇನ್ನೊಂದರಲ್ಲಿ ಯಾರೋ ತಬಲಾದವನಿಗೆ ಬೈಯುತ್ತಿದ್ದಾರೆ. ಆ ಬೈಗುಳದ ಯಜಮಾನ ಯಾರು ಅನ್ನೋದರ ಮೇಲೆ ಅಲ್ಲೇ ಒಂದು ಜಗಳ ಎದ್ದಿತು. ಹಾರ್ಮೋನಿಯಂ ಹಿರಿಯರು ತಾವಲ್ಲ ಅಂತ ಖಂಡಿತ ಹೇಳಿದರು, ದನಿ ಮಾತ್ರ ಅವರದೇ. ಯೂಟ್ಯೂಬ್‌ನಲ್ಲಿ ಇದೆಲ್ಲ ಎಲ್ಲಿಂದ ಸಿಗಬೇಕು?

ಕಾಕಾಗೆ ಒಂದು ಅಸಮಾಧಾನ ಉಳಿಯಿತು. "ನಮ್ಮ ತಾಳ ಕೇಳ್ಸಂಗೇ ಇಲ್ಲಲ್ಲೋ ತಮ್ಮಾ" ಅಂದರು. ಅದು ಕಾರ್ಡಿನ ದೋಷ ಅಲ್ಲ. ಎಎಂಆರ್ ಅನ್ನೋದು ಫೋನಿನಲ್ಲಿ ಮಾತಾಡಲಿಕ್ಕೆ ಮಾಡಿದ ವಿಧಾನ. ಸುಮಾರು 3400 ಹರ್ಟ್ಸ್ ಮೇಲಿನ ಸದ್ದನ್ನು ಅದು ಬಿಟ್ಟೇ ಬಿಡುತ್ತದೆ. ಮನುಷ್ಯರ ಮಾತಿಗೆ ಅಷ್ಟು ಸಾಕು. ತಾಳದ ಝಣಕು ಇರೋದು ಅದರ ಮೇಲೆ. ಆದರೆ ಇನ್ನೊಂದು ಕಡೆಯಿಂದ ನೋಡಿ, ಹೆಚ್ಚೆಂದರೆ ಸೆಕೆಂಡಿಗೆ 12.2 ಕಿಲೋಬಿಟ್ ಹಿಡಿಯುವ ಈ ವಿಧಾನದಲ್ಲಿ ಒಂದು ಗಂಟೆ ಭಜನೆಗೆ ಐದೂವರೆ ಎಂಬಿ ಸಾಕು. ಅಷ್ಟು ಕಡಿಮೆ ಜಾಗ ತಿಂದಿದ್ದಕ್ಕೇ ಕಾಕಾ ಯಾವುದನ್ನೂ ಅಳಿಸಬೇಕಾಗಿ ಬರಲಿಲ್ಲ. ಒಳ್ಳೆ ಗುಣಮಟ್ಟದಲ್ಲಿ ಹಿಡಿದಿದ್ದರೆ ಹೊಸ ಹಾಡಿಗಾಗಿ ಹಳೇದು ಎಂದೋ ಹೋಗಿರುತ್ತಿತ್ತು.

ಕೆಲವು ರೆಕಾರ್ಡಿಂಗ್ ಅರ್ಧಕ್ಕೆ ಕಡಿದು ಬಂದವು, ಕೆಲವು ಬರಲೇ ಇಲ್ಲ. ಬಾರದಿದ್ದವುಗಳಲ್ಲಿ ಕಾಕಾ ಬಹಳ ಹಂಬಲಿಸಿದ್ದು ಒಂದು ಮೊಹರಂ ಪದಕ್ಕೆ. ಅದು ಸಿಕ್ಕಿದ್ದು ಪುಣೆಯಲ್ಲಿ! ಊರಿನಿಂದ ಗುಳೆ ಹೋಗಿ ಅಲ್ಲಿ ಕಟ್ಟಡದ ಕೆಲಸದಲ್ಲಿರುವ ಹುಡುಗನೊಬ್ಬ ಹೋಗುವಾಗ ಕಾಕಾನ ಹಾಡುಗಳನ್ನು ತನ್ನ ಕಾರ್ಡಿಗೆ ಹಾಕಿಸಿಕೊಂಡಿದ್ದನಂತೆ. ಪುಣೆ, ಮುಂಬೈಗೆ ಹೋಗೋರು ಬುತ್ತಿಯ ಜೊತೆ ಒಂದು ತುಂಬಿದ ಕಾರ್ಡೂ ಒಯ್ಯೋದು ಆಗ ವಾಡಿಕೆ. ಅವನ ಫೋನ್ ಎಷ್ಟೋ ಬದಲಾಗಿದೆ, ಕಾರ್ಡ್ ಮಾತ್ರ ಅದೇ. ಜೋಪಾನವಾಗಿ ಒಂದೇ ಕಡೆ ಇಟ್ಟ ಕಾಕಾನ ಕಾರ್ಡ್ ಕೈಕೊಟ್ಟಿತು, ಊರು ಬಿಟ್ಟು ಅಲೆದ ಕಾಪಿ ಉಳಿಯಿತು.

ಇದರಲ್ಲಿ ಅದೃಷ್ಟದ ಪಾಲೂ ಇದೆ, ಯಾಕಂದರೆ ಈ ಕಾರ್ಡುಗಳನ್ನು ವರ್ಷಗಟ್ಟಲೆ ಎತ್ತಿಡಲಿಕ್ಕೆ ಅಂತ ಮಾಡಿಯೇ ಇಲ್ಲ. ಒಳಗಿರೋದು ಫ್ಲ್ಯಾಶ್ ಮೆಮೊರಿ. ತೋಷಿಬಾದ ಎಂಜಿನಿಯರ್ ಫುಜಿಯೊ ಮಸುವೊಕಾ 1984ರಲ್ಲಿ ಇದನ್ನು ಜಗತ್ತಿಗೆ ತೋರಿಸಿದರು, ಈಗ ಕಾರ್ಡುಗಳಲ್ಲಿರುವ ನ್ಯಾಂಡ್ ಅನ್ನೋ ಬಗೆ 1987ರಲ್ಲಿ ಬಂತು. ಕೋಟಿಗಟ್ಟಲೆ ಸಣ್ಣ ಕೋಶಗಳು, ಪ್ರತಿಯೊಂದರಲ್ಲೂ ಒಂದಷ್ಟು ಎಲೆಕ್ಟ್ರಾನುಗಳನ್ನು ಕೂಡಿ ಹಾಕಿರುತ್ತಾರೆ. ಬೇಸಿಗೆಯಲ್ಲಿ ಮಣ್ಣಿನ ಗಡಿಗೆಯಲ್ಲಿ ನೀರು ಇಟ್ಟ ಹಾಗೆ ಅಂದುಕೊಳ್ಳಿ. ಒಡೆದಿಲ್ಲ, ಸೋರುತ್ತಿಲ್ಲ, ಆದರೂ ಹೊರಮೈ ಬೆವರುತ್ತದೆ, ಮಟ್ಟ ಇಳಿಯುತ್ತದೆ. ಹಳೇ ಕಾಲದ ಕಾರ್ಡಿನಲ್ಲಿ ಗಡಿಗೆ ತುಂಬಿದೆಯೋ ಖಾಲಿಯೋ ಅಂತ ನೋಡಿದರೆ ಸಾಕಿತ್ತು. ಈಗ ಕಡಿಮೆ ಬೆಲೆಗೆ ಜಾಸ್ತಿ ಜಿಬಿ ಕೊಡಬೇಕಲ್ಲ, ಒಂದೇ ಗಡಿಗೆಯಲ್ಲಿ ಎಂಟು ಮಟ್ಟ ಗುರುತಿಸುತ್ತಾರೆ. ಸ್ವಲ್ಪ ಇಳಿದರೂ ಲೆಕ್ಕ ತಪ್ಪುತ್ತದೆ. ಮೇಲಾಗಿ, ತುಂಬಿ ಚೆಲ್ಲಿ ಮಾಡಿದಷ್ಟೂ ಗೋಡೆ ಸವೆಯುತ್ತದೆ. ಇನ್ನು ಕಾದ ಕಬ್ಬಿಣದ ತಿಜೋರಿಯಲ್ಲಿ ವರ್ಷಾನುಗಟ್ಟಲೆ ಇಟ್ಟರೆ ಈ ಇಳಿತ ಜಾಸ್ತಿಯಾಗುತ್ತದೆ. ಅಲ್ಲಿ ಮಾತ್ರ ನಮ್ಮ ಬಿಸಿಲಿನ ಮೇಲೆ ತಪ್ಪು ಹೊರಿಸಬಹುದು.

ಮದುವೆ ವಿಡಿಯೊ, ತೀರಿಹೋದವರ ಫೋಟೊ ಎಲ್ಲ ಒಂದು ಕಾರ್ಡಿನಲ್ಲಿ ಹಾಕಿ ಬಂಗಾರದ ಡಬ್ಬಿಯಲ್ಲಿ ಇಟ್ಟಿರುವ ಮನೆಗಳು ನನಗೆ ಗೊತ್ತು. ದಯವಿಟ್ಟು ತೆಗೆದು ನೋಡಿ. ಓದುತ್ತಿದೆಯಾದರೆ ಇವತ್ತೇ ಇನ್ನೆರಡು ಕಡೆ ಕಾಪಿ ಮಾಡಿ. ಅದರಲ್ಲಿ ಒಂದು ನಿಮ್ಮ ಮನೆಯಿಂದ ಹೊರಗೆ, ಅಕ್ಕನ ಮನೆಯಲ್ಲೋ ತಮ್ಮನ ಮನೆಯಲ್ಲೋ ಇರಲಿ.

ಮೇಳದವರಿಗೆ ಹೊಸ ಕಾರ್ಡ್ ಯಾವುದು ತರಬೇಕು ಅನ್ನೋ ಚರ್ಚೆಯೂ ಆಯ್ತು. ಅಷ್ಟರಲ್ಲಿ ಒಬ್ಬರು ಜಾತ್ರೆಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ 512 ಜಿಬಿ ಕಾರ್ಡ್ ತಂದು ತೋರಿಸಿದರು. ಫೋನಿಗೆ ಹಾಕಿದರೆ 512 ಅಂತಲೇ ತೋರಿಸುತ್ತದೆ. ಮೋಸ ಇರೋದೇ ಅಲ್ಲಿ. ಕಾರ್ಡಿನಲ್ಲಿ ಮೆಮೊರಿಯ ಜೊತೆ ಕಂಟ್ರೋಲರ್ ಅಂತ ಇನ್ನೊಂದು ಚಿಪ್ ಇರುತ್ತದೆ, ಎಷ್ಟು ಜಾಗ ಇದೆ ಅಂತ ಫೋನಿಗೆ ಹೇಳೋದು ಅದು. ಅದಕ್ಕೆ ಸುಳ್ಳು ಹೇಳಿಕೊಟ್ಟಿರುತ್ತಾರೆ. ಒಳಗೆ ಎಂಟೋ ಹದಿನಾರೋ ಜಿಬಿ ಇರುತ್ತದೆ. ಅಷ್ಟು ತುಂಬೋವರೆಗೆ ಎಲ್ಲ ಸರಿ. ಆಮೇಲೆ ಹಾಕಿದ್ದು ಎಲ್ಲಿಗೂ ಹೋಗುವುದಿಲ್ಲ, ಇಲ್ಲವೇ ಹಳೇದರ ಮೇಲೇ ಬರೆದುಬಿಡುತ್ತದೆ. ಫೈಲಿನ ಹೆಸರು ಕಾಣುತ್ತದೆ, ಹಚ್ಚಿದರೆ ಹಾಡಿಲ್ಲ. ಹೊಸ ಕಾರ್ಡನ್ನು ಖಾಲಿ ಇದ್ದಾಗಲೇ ಎಚ್2ಟೆಸ್ಟ್‌ಡಬ್ಲ್ಯೂ ಅಥವಾ ಎಫ್3 ಅನ್ನೋ ಪುಕ್ಕಟೆ ತಂತ್ರಾಂಶದಲ್ಲಿ ಪರೀಕ್ಷೆ ಮಾಡಿದರೆ ಬಣ್ಣ ಬಯಲಾಗುತ್ತದೆ. ಕಾರ್ಡಿಗೆ ಪೂರ್ತಿ ಬರೆದು, ಪೂರ್ತಿ ಓದಿ, ತಾಳೆ ನೋಡುತ್ತವೆ. ಹೊತ್ತು ಹಿಡಿಯುತ್ತದೆ, ಹಿಡಿಯಲಿ. (32 ಜಿಬಿ ಕಾರ್ಡ್ ಕಂಪ್ಯೂಟರಿನಲ್ಲಿ 29.8 ಅಂತ ಕಂಡರೆ ಗಾಬರಿ ಬೇಡ. ಅದು ಮೋಸ ಅಲ್ಲ, ಕಾರ್ಡಿನವರು ಸಾವಿರದ ಲೆಕ್ಕದಲ್ಲಿ, ಕಂಪ್ಯೂಟರ್ 1024ರ ಲೆಕ್ಕದಲ್ಲಿ ಎಣಿಸುವುದರಿಂದ ಬರುವ ಫರಕು.)

ಮೇಲಿರುವ ಗುರುತುಗಳ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳೋದು ಬೇಡ. ಸಿ ಅಕ್ಷರದ ಒಳಗೆ 10 ಅಂತಿದ್ದರೆ ಸೆಕೆಂಡಿಗೆ ಕನಿಷ್ಠ ಹತ್ತು ಎಂಬಿ ಬರೆಯುತ್ತದೆ ಅಂತ. ಯು ಅಕ್ಷರದ ಒಳಗೆ 3 ಇದ್ದರೆ ಮೂವತ್ತು. ಭಜನೆ ರೆಕಾರ್ಡ್ ಮಾಡಲು ಮೊದಲನೆಯದೇ ಬೇಕಾದಷ್ಟಾಯ್ತು. ಹಣ ಇದ್ದರೆ ಒಂದು ದೊಡ್ಡ ಕಾರ್ಡಿನ ಬದಲು ಎರಡು ಸಣ್ಣವು ತಗೊಳ್ಳಿ ಅಂದೆ. ಎರಡು 32 ಜಿಬಿ ತಂದರು.

ಇಷ್ಟಕ್ಕೂ ಹಾಕಲು ಫೋನಿನಲ್ಲಿ ಜಾಗ ಎಲ್ಲಿದೆ? ಐಫೋನಿಗೆ ಹುಟ್ಟಿದಾಗಿನಿಂದ ಕಾರ್ಡಿನ ಬಾಯಿಯೇ ಇಲ್ಲ. ಸ್ಯಾಮ್‌ಸಂಗ್ ಕೂಡ 2021ರ ಎಸ್21ರಿಂದ ತನ್ನ ದೊಡ್ಡ ಫೋನುಗಳಲ್ಲಿ ತೆಗೆದು ಹಾಕಿತು. ಅಗ್ಗದ ಫೋನುಗಳಲ್ಲಿ ಇನ್ನೂ ಇದೆ, ಆದರೆ ಅನೇಕದರಲ್ಲಿ ಎರಡನೇ ಸಿಮ್ ಅಥವಾ ಕಾರ್ಡ್, ಎರಡರಲ್ಲಿ ಒಂದು. ನಮ್ಮಲ್ಲಿ ಸಿಮ್ಮೇ ಗೆಲ್ಲುತ್ತದೆ. ಕಾರ್ಡ್ ಈಗ ಉಳಿದಿರೋದು ಮನೆ ಮುಂದಿನ ಕ್ಯಾಮೆರಾದಲ್ಲಿ, ಡ್ರೋನಿನಲ್ಲಿ, ಟ್ರ್ಯಾಕ್ಟರಿನ ಟೇಪಿನಲ್ಲಿ.

ಆ ಟ್ರ್ಯಾಕ್ಟರಿನಿಂದಲೇ ಒಂದು ಹೊಸ ಪೇಚು ಶುರುವಾಗಿದೆ. ಹೆಸರಿಟ್ಟ ಹಾಡುಗಳನ್ನು ಎರಡೂ ಕಾರ್ಡಿಗೆ ಹಾಕಿ ಕೊಟ್ಟಿದ್ದೆ. ಊರಿನ ಹುಡುಗನೊಬ್ಬ ಅದರಿಂದ ಕಾಪಿ ಮಾಡಿಕೊಂಡು ಬಿತ್ತನೆ ಹೊತ್ತಿನಲ್ಲಿ ರಿವಾಯತ್ ಪದಗಳನ್ನು ಜೋರಾಗಿ ಹಚ್ಚಿದನಂತೆ. ಹಾರ್ಮೋನಿಯಂ ಹಿರಿಯರಿಗೆ ಸಿಟ್ಟು ಬಂದಿದೆ. ಮೊಹರಂ ಪದ ಮೊಹರಂನಲ್ಲೇ ಹಾಡಬೇಕು, ಹಗಲೆಲ್ಲ ಹೊಲದಲ್ಲಿ ಹಚ್ಚುವುದಲ್ಲ ಅನ್ನೋದು ಅವರ ಮಾತು. ಹುಡುಗ ಸುಮ್ಮನಿಲ್ಲ, "ಹಂಗಾರ ಯೂಟ್ಯೂಬಿಗೇ ಹಾಕ್ತೀನಿ, ಎಲ್ಲಾರೂ ಕೇಳ್ಲಿ" ಅಂದಿದ್ದಾನೆ. ಹಂಚಿದ್ದಕ್ಕೇ ಉಳಿಯಿತು ಅಂತ ನಾನು ಮೇಲೆ ಇಷ್ಟು ಹೊತ್ತು ವಾದ ಮಾಡಿದವನು, ಆದರೂ ಹಿರಿಯರ ಮಾತು ತಪ್ಪು ಅಂತ ನನಗೆ ಅನ್ನಿಸುತ್ತಿಲ್ಲ. ಹಾಡಿದವರು ಅವರು, ಹಾಡಿದ್ದು ಅಲಾಯಿ ಕುಣಿಯ ಮುಂದೆ, ರೆಕಾರ್ಡ್ ಆಗುತ್ತಿದೆ ಅಂತ ಎಷ್ಟು ಮಂದಿಗೆ ಗೊತ್ತಿತ್ತೋ ಏನೋ. ಪುಣೆಯಿಂದ ಬಂದ ಆ ಪದದ ಕಾಪಿ ಸದ್ಯ ಕಾಕಾನ ಹತ್ತಿರ ಒಂದು, ನನ್ನ ಹತ್ತಿರ ಒಂದು, ಪುಣೆಯ ಹುಡುಗನ ಹತ್ತಿರ ಮೂಲ. ಬರುವ ಮೊಹರಂಗೆ ಹಾಡುವವರೆಲ್ಲ ಕೂಡಿದಾಗ ಕೇಳೋಣ, ಅಲ್ಲಿಯವರೆಗೆ ಎಲ್ಲೂ ಹಾಕಬೇಡ ಅಂತ ಟ್ರ್ಯಾಕ್ಟರಿನ ಹುಡುಗನಿಗೆ ಹೇಳಿದ್ದೇನೆ. ಒಪ್ಪಿದ್ದಾನೆ, ಒಂದು ಶರತ್ತಿನ ಮೇಲೆ. ಕರೆಂಟ್ ಹೋದ ಆ ಶ್ರಾವಣದ ಪದವನ್ನಾದರೂ ಈಗಲೇ ಹಾಕಲು ಬಿಡಬೇಕಂತೆ. ಕಾಕಾ ಹ್ಞೂಂ ಅಂದಿದ್ದಾರೆ, ಬೈಗುಳ ಇರುವ ಫೈಲ್ ಮಾತ್ರ ಬೇಡವಂತೆ.